ಖಾತೆಯಿಂದ ಖಾತೆಗೆ ಹಣ ಸೇರುವುದು ಹೇಗೆ: ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಮತ್ತು ಸ್ವಿಫ್ಟ್

ಅಮೆರಿಕದಿಂದ ಹೊರದೇಶಗಳಿಗೆ ಕಳುಹಿಸುವ ಹಣದ ಮೇಲೆ 2026ರ ಜನವರಿ 1ರಿಂದ ಶೇ 1ರಷ್ಟು ತೆರಿಗೆ ಜಾರಿಗೆ ಬಂದಾಗ, ಮಕ್ಕಳು ಅಲ್ಲಿ ದುಡಿಯುತ್ತಿರುವ ಕರ್ನಾಟಕದ ಅನೇಕ ಮನೆಗಳಲ್ಲಿ ಒಂದೇ ಪ್ರಶ್ನೆ ಎದ್ದಿತು: ತಿಂಗಳು ತಿಂಗಳು ಬರುವ ಹಣಕ್ಕೂ ಈ ತೆರಿಗೆ ಬೀಳುತ್ತದೆಯೇ? ಬ್ಯಾಂಕ್ ಖಾತೆಯಿಂದ ಕಳುಹಿಸಿದರೆ ಬೀಳುವುದಿಲ್ಲ. ನಗದು, ಮನಿ ಆರ್ಡರ್, ಕ್ಯಾಷಿಯರ್ ಚೆಕ್‌ಗಳಂಥ ರೂಪದಲ್ಲಿ ಹಣ ಕಟ್ಟಿ ಕಳುಹಿಸುವವರಿಗೆ ಮಾತ್ರ ಅದು ಅನ್ವಯಿಸುತ್ತದೆ. ಅಮೆರಿಕದ ಬ್ಯಾಂಕ್ ಖಾತೆಯಿಂದ ಅಥವಾ ಅಲ್ಲಿ ವಿತರಿಸಿದ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳಿಂದ ಪಾವತಿಸಿದ ಹಣ ಅದರ ವ್ಯಾಪ್ತಿಗೆ ಬರುವುದಿಲ್ಲ.

ಈ ಉತ್ತರದ ಬೆನ್ನಿಗೇ ಬೇರೆ ಪ್ರಶ್ನೆಗಳು ಬರುತ್ತವೆ. ತೆರಿಗೆ ಇಲ್ಲವೆಂದಾದರೆ ಕಳುಹಿಸಿದಷ್ಟು ಹಣ ಏಕೆ ಬರುವುದಿಲ್ಲ? ಒಮ್ಮೆ ಎರಡೇ ಗಂಟೆಯಲ್ಲಿ, ಇನ್ನೊಮ್ಮೆ ನಾಲ್ಕು ದಿನಗಳಲ್ಲಿ ಏಕೆ ಬರುತ್ತದೆ? ಒಂದು ಅಂಕಿ ತಪ್ಪಾಗಿ ಬೇರೆಯವರ ಖಾತೆಗೆ ಹೋದ ಹಣವನ್ನು ಬ್ಯಾಂಕ್ ತಾನೇ ಏಕೆ ವಾಪಸ್ ಎಳೆದುಕೊಳ್ಳುವುದಿಲ್ಲ? ಇವೆಲ್ಲಕ್ಕೂ ಉತ್ತರ ಸಿಗಬೇಕಾದರೆ ಖಾತೆಯಿಂದ ಖಾತೆಗೆ ಹಣ ಹೋಗುವಾಗ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

ಹೋಗುವುದು ಹಣವಲ್ಲ, ಸೂಚನೆ

ಬ್ಯಾಂಕ್ ಖಾತೆಯಲ್ಲಿ ಒಂದು ಲಕ್ಷ ರೂಪಾಯಿ ಇದೆ ಎಂದರೆ ಆ ಬ್ಯಾಂಕ್ ನಮಗೆ ಒಂದು ಲಕ್ಷ ಕೊಡಬೇಕಾಗಿದೆ ಎಂದು ಅದರ ಲೆಕ್ಕದಲ್ಲಿ ದಾಖಲಾಗಿದೆ ಎಂದರ್ಥ. ಹಣ ವರ್ಗಾವಣೆಯೆಂದರೆ ಈ ದಾಖಲೆಯ ಬದಲಾವಣೆ. ಒಂದು ಕಡೆ ಖರ್ಚು ಬೀಳುತ್ತದೆ, ಇನ್ನೊಂದು ಕಡೆ ಜಮಾ ಆಗುತ್ತದೆ. ನೋಟುಗಳ ಕಟ್ಟು ಎಲ್ಲಿಂದ ಎಲ್ಲಿಗೂ ಹೋಗುವುದಿಲ್ಲ.

ಎಪಿಎಂಸಿ ಪ್ರಾಂಗಣದ ಒಂದೇ ಮಂಡಿಯಲ್ಲಿ ಲೆಕ್ಕ ಇಟ್ಟಿರುವ ಇಬ್ಬರು ರೈತರನ್ನು ನೆನೆಸಿಕೊಳ್ಳಿ. ಒಬ್ಬರು ಇನ್ನೊಬ್ಬರಿಗೆ ಎತ್ತಿನ ಬಾಬ್ತು ಇಪ್ಪತ್ತು ಸಾವಿರ ಕೊಡಬೇಕಾದರೆ ಮಂಡಿಯವರಿಗೆ ಒಂದು ಮಾತು ಹೇಳಿದರೆ ಸಾಕು. ಅವರು ಒಬ್ಬರ ಪುಟದಲ್ಲಿ ಖರ್ಚು ಬರೆದು ಇನ್ನೊಬ್ಬರ ಪುಟದಲ್ಲಿ ಜಮಾ ಬರೆಯುತ್ತಾರೆ. ಒಂದೇ ಬ್ಯಾಂಕಿನ ಎರಡು ಖಾತೆಗಳ ನಡುವಿನ ವರ್ಗಾವಣೆ ಹೀಗೆಯೇ ನಡೆಯುತ್ತದೆ. ಇಬ್ಬರ ಲೆಕ್ಕಗಳು ಬೇರೆ ಬೇರೆ ಮಂಡಿಗಳಲ್ಲಿದ್ದರೆ ಮಾತ್ರ ಆ ಎರಡು ಮಂಡಿಗಳಿಗೂ ಲೆಕ್ಕವಿರುವ ಮೂರನೆಯವರೊಬ್ಬರು ಬೇಕಾಗುತ್ತಾರೆ.

ಭಾರತದ ಬ್ಯಾಂಕುಗಳಿಗೆ ಆ ಮೂರನೆಯ ಸ್ಥಾನದಲ್ಲಿರುವುದು ಭಾರತೀಯ ರಿಸರ್ವ್ ಬ್ಯಾಂಕ್. ಬ್ಯಾಂಕುಗಳು ಆರ್‌ಬಿಐನಲ್ಲಿ ಖಾತೆ ಹೊಂದಿವೆ. ಕೆನರಾ ಬ್ಯಾಂಕಿನ ಗ್ರಾಹಕರೊಬ್ಬರು ಕರ್ಣಾಟಕ ಬ್ಯಾಂಕಿನ ಗ್ರಾಹಕರಿಗೆ ಹಣ ಕಳುಹಿಸಿದಾಗ ಗ್ರಾಹಕರ ಖಾತೆಗಳಲ್ಲಷ್ಟೇ ಅಲ್ಲ, ಆರ್‌ಬಿಐನಲ್ಲಿರುವ ಈ ಎರಡು ಬ್ಯಾಂಕುಗಳ ಖಾತೆಗಳಲ್ಲಿಯೂ ಅಷ್ಟು ಮೊತ್ತ ಅದಲುಬದಲಾಗಬೇಕು. ಇದನ್ನೇ ಇತ್ಯರ್ಥ ಅಥವಾ ಸೆಟ್ಲ್‌ಮೆಂಟ್ ಎನ್ನುತ್ತಾರೆ. ಈ ಇತ್ಯರ್ಥ ಯಾವಾಗ, ಯಾವ ರೀತಿ ಆಗುತ್ತದೆ ಎಂಬುದರ ಮೇಲೆಯೇ ಎನ್‌ಇಎಫ್‌ಟಿ, ಆರ್‌ಟಿಜಿಎಸ್, ಐಎಂಪಿಎಸ್ ಎಂಬ ಬೇರೆ ಬೇರೆ ದಾರಿಗಳು ಹುಟ್ಟಿಕೊಂಡಿವೆ.

ದೇಶದೊಳಗಿನ ಮೂರು ದಾರಿಗಳು

ಎನ್‌ಇಎಫ್‌ಟಿ 2005ರ ನವೆಂಬರ್‌ನಲ್ಲಿ ಆರಂಭವಾಯಿತು. ಇದರಲ್ಲಿ ಸೂಚನೆಗಳನ್ನು ಒಂದೊಂದಾಗಿ ಅಲ್ಲ, ಕಂತು ಕಂತಾಗಿ ಇತ್ಯರ್ಥ ಮಾಡಲಾಗುತ್ತದೆ. ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಕಂತುಗಳು. ಆ ಅವಧಿಯಲ್ಲಿ ಯಾವ ಬ್ಯಾಂಕ್ ಯಾವ ಬ್ಯಾಂಕಿಗೆ ಎಷ್ಟು ಕೊಡಬೇಕು, ಎಷ್ಟು ಪಡೆಯಬೇಕು ಎಂಬುದನ್ನೆಲ್ಲ ವಜಾ ಮಾಡಿ, ಉಳಿದ ನಿವ್ವಳ ಮೊತ್ತವನ್ನಷ್ಟೇ ಆರ್‌ಬಿಐನ ಖಾತೆಗಳಲ್ಲಿ ಬದಲಾಯಿಸುತ್ತಾರೆ. 2019ರ ಡಿಸೆಂಬರ್ 16ರಿಂದ ಈ ಸೌಲಭ್ಯ ಭಾನುವಾರ, ಹಬ್ಬಹರಿದಿನ ಎನ್ನದೆ ದಿನದ 24 ಗಂಟೆಯೂ ಸಿಗುತ್ತಿದೆ. ಕಂತು ಇತ್ಯರ್ಥವಾದ ಎರಡು ಗಂಟೆಯೊಳಗೆ ಹಣ ಪಡೆಯುವವರ ಖಾತೆಗೆ ಜಮಾ ಆಗಬೇಕು, ಇಲ್ಲವೇ ಕಳುಹಿಸಿದ ಬ್ಯಾಂಕಿಗೆ ಹಿಂತಿರುಗಬೇಕು. ತಡವಾದರೆ ಆರ್‌ಬಿಐನ ರೆಪೊ ದರಕ್ಕೆ (ಬ್ಯಾಂಕುಗಳಿಗೆ ಅದು ಕೊಡುವ ಅಲ್ಪಾವಧಿ ಸಾಲದ ಬಡ್ಡಿ ದರ) ಶೇ 2 ಸೇರಿಸಿ ಬಡ್ಡಿ ಕೊಡುವುದು ಬ್ಯಾಂಕಿನ ಹೊಣೆ. ಈ ಹಕ್ಕು ತಮಗಿದೆ ಎಂಬುದೇ ಬಹಳಷ್ಟು ಗ್ರಾಹಕರಿಗೆ ತಿಳಿದಿಲ್ಲ.

ಆರ್‌ಟಿಜಿಎಸ್ ದೊಡ್ಡ ಮೊತ್ತಗಳಿಗೆ. ಕನಿಷ್ಠ ಎರಡು ಲಕ್ಷ ರೂಪಾಯಿ ಇರಬೇಕು. ಗರಿಷ್ಠ ಮಿತಿಯನ್ನು ಆರ್‌ಬಿಐ ಹಾಕಿಲ್ಲ. 2004ರ ಮಾರ್ಚ್‌ನಲ್ಲಿ ಆರಂಭವಾದ ಈ ವ್ಯವಸ್ಥೆ 2020ರ ಡಿಸೆಂಬರ್ 14ರಿಂದ ದಿನವಿಡೀ ನಡೆಯುತ್ತಿದೆ. ಇಲ್ಲಿ ಯಾವುದನ್ನೂ ಒಟ್ಟುಗೂಡಿಸಿ ವಜಾ ಮಾಡುವುದಿಲ್ಲ. ಪ್ರತಿಯೊಂದು ಸೂಚನೆಯೂ ಬಂದ ಕ್ಷಣದಲ್ಲಿ, ಪೂರ್ಣ ಮೊತ್ತಕ್ಕೆ, ಪ್ರತ್ಯೇಕವಾಗಿ ಇತ್ಯರ್ಥವಾಗುತ್ತದೆ. ಸಂದೇಶ ತಲುಪಿದ 30 ನಿಮಿಷಗಳಲ್ಲಿ ಪಡೆಯುವವರ ಬ್ಯಾಂಕ್ ಅದನ್ನು ಜಮಾ ಮಾಡಬೇಕು.

ಎಲ್ಲವನ್ನೂ ಕಂತಿನಲ್ಲೇ ಮುಗಿಸಬಹುದಾಗಿದ್ದಾಗ ಇಷ್ಟು ಅವಸರದ ವ್ಯವಸ್ಥೆ ಏಕೆ ಬೇಕಾಯಿತು? ಇದರ ಹಿಂದೆ 1974ರ ಜೂನ್ 26ರಂದು ಜರ್ಮನಿಯ ಕಲೋನ್ ನಗರದಲ್ಲಿ ನಡೆದ ಘಟನೆಯ ಪಾಠವಿದೆ. ಅಂದು ಅಲ್ಲಿನ ಹೆರ್‌ಸ್ಟಾಟ್ ಬ್ಯಾಂಕನ್ನು ಅಧಿಕಾರಿಗಳು ಮುಚ್ಚಿಸಿದರು. ಆ ಬ್ಯಾಂಕಿನೊಂದಿಗೆ ವಿದೇಶಿ ವಿನಿಮಯ ವ್ಯವಹಾರ ಮಾಡಿದ್ದ ಹಲವು ಬ್ಯಾಂಕುಗಳು ಜರ್ಮನ್ ಮಾರ್ಕ್‌ಗಳನ್ನು ಆಗಲೇ ಪಾವತಿಸಿಬಿಟ್ಟಿದ್ದವು. ಬದಲಿಗೆ ಬರಬೇಕಾಗಿದ್ದ ಡಾಲರ್‌ಗಳು ನ್ಯೂಯಾರ್ಕ್‌ನಲ್ಲಿ ಇನ್ನೂ ಪಾವತಿಯಾಗಿರಲಿಲ್ಲ. ಕೊಟ್ಟದ್ದು ಹೋಯಿತು, ಬರಬೇಕಾದದ್ದು ನಿಂತಿತು. ಕೊಡುವುದು ಮತ್ತು ಪಡೆಯುವುದರ ನಡುವೆ ಅಂತರವಿರುವಷ್ಟು ಹೊತ್ತು, ನಡುವಿನಲ್ಲಿ ಯಾರಾದರೂ ದಿವಾಳಿಯಾದರೆ ಉಳಿದವರೂ ಮುಳುಗಬಹುದು ಎಂಬುದು ಆಗ ಜಗತ್ತಿನ ಬ್ಯಾಂಕುಗಳಿಗೆ ಮನವರಿಕೆಯಾಯಿತು. ದೊಡ್ಡ ಮೊತ್ತವನ್ನು ಬಾಕಿ ಉಳಿಸದೆ ಆ ಕ್ಷಣದಲ್ಲೇ ಚುಕ್ತಾ ಮಾಡುವ ವ್ಯವಸ್ಥೆಗಳನ್ನು ಕೇಂದ್ರೀಯ ಬ್ಯಾಂಕುಗಳು ಮುಂದೆ ಕಟ್ಟಿದ್ದು ಈ ಅಪಾಯವನ್ನು ತಗ್ಗಿಸುವುದಕ್ಕಾಗಿ. ಆರ್‌ಟಿಜಿಎಸ್‌ನಲ್ಲಿ ಒಮ್ಮೆ ಇತ್ಯರ್ಥವಾದ ಪಾವತಿ ಅಂತಿಮ. ಅದನ್ನು ರದ್ದು ಮಾಡಲಾಗದು.

ಮೂರನೆಯದು ಐಎಂಪಿಎಸ್. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2010ರ ನವೆಂಬರ್‌ನಲ್ಲಿ ಆರಂಭಿಸಿದ ಈ ಸೇವೆಯಲ್ಲಿ ಗ್ರಾಹಕರಿಗೆ ಹಣ ಕೂಡಲೇ ಜಮಾ ಆಗುತ್ತದೆ, ಬ್ಯಾಂಕುಗಳ ನಡುವಿನ ಇತ್ಯರ್ಥ ಆಮೇಲೆ ನಡೆಯುತ್ತದೆ. ಮಿತಿ ಐದು ಲಕ್ಷ ರೂಪಾಯಿ.

ಶುಲ್ಕದ ವಿಷಯ ಸರಳ. ಹಣ ಪಡೆಯುವವರಿಗೆ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಎರಡರಲ್ಲೂ ಶುಲ್ಕವಿಲ್ಲ. ಉಳಿತಾಯ ಖಾತೆಯವರು ಮೊಬೈಲ್ ಅಥವಾ ಇಂಟರ್ನೆಟ್ ಬ್ಯಾಂಕಿಂಗ್ ಮೂಲಕ ಮಾಡುವ ಎನ್‌ಇಎಫ್‌ಟಿಗೆ 2020ರ ಜನವರಿಯಿಂದ ಶುಲ್ಕವಿಲ್ಲ. ಶಾಖೆಗೆ ಹೋಗಿ ಮಾಡಿಸಿದರೆ ಎರಡು ಲಕ್ಷ ಮೀರಿದ ಎನ್‌ಇಎಫ್‌ಟಿಗೂ 25 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ.

ಚಲನ್‌ನಲ್ಲಿ ಬರೆಯುವ ಅಂಕಿಗಳು

ಸೂಚನೆಯೇ ಎಲ್ಲವೂ ಆದಮೇಲೆ ಆ ಸೂಚನೆಯಲ್ಲಿ ಬರೆಯುವ ಪ್ರತಿಯೊಂದು ಅಂಕಿಗೂ ತೂಕವಿದೆ. ಶಾಖೆಯಲ್ಲಿ ಕೊಡುವ ಅರ್ಜಿಯಲ್ಲಿ ಪಡೆಯುವವರ ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ (ಶಾಖೆಯ ಸಂಕೇತ) ಮತ್ತು ಮೊತ್ತ ಕೇಳಿರುತ್ತಾರೆ. ಇವುಗಳಲ್ಲಿ ಹೆಸರೇ ಮುಖ್ಯವೆಂದು ನಮಗೆ ಅನಿಸುವುದು ಸಹಜ. ಆದರೆ ಜಮಾ ಆಗುವುದು ಖಾತೆ ಸಂಖ್ಯೆಯ ಆಧಾರದ ಮೇಲೆ ಮಾತ್ರ. 2010ರಲ್ಲೇ ಆರ್‌ಬಿಐ ಇದನ್ನು ಸ್ಪಷ್ಟಪಡಿಸಿದೆ: ಸರಿಯಾದ ಖಾತೆ ಸಂಖ್ಯೆ ಕೊಡುವ ಹೊಣೆ ಕಳುಹಿಸುವವರದು. ಹೀಗಾಗಿ ಅರ್ಜಿಯಲ್ಲಿ ಅಮ್ಮನ ಹೆಸರನ್ನು ಸ್ಪಷ್ಟವಾಗಿ ಬರೆದು, ಸಂಖ್ಯೆಯಲ್ಲಿ 6ರ ಬದಲು 8 ಬರೆದರೆ, ಆ ಸಂಖ್ಯೆಯ ಖಾತೆ ಚಾಲ್ತಿಯಲ್ಲಿದ್ದಲ್ಲಿ, ಹಣ ಅಪರಿಚಿತರೊಬ್ಬರ ಖಾತೆಗೆ ಸೇರುತ್ತದೆ. ಅಂಥ ಖಾತೆಯೇ ಇಲ್ಲದಿದ್ದರೆ ಹಿಂತಿರುಗುತ್ತದೆ.

ಈ ಕೊರತೆಯನ್ನು ತುಂಬಲೆಂದೇ 2025ರ ಏಪ್ರಿಲ್ 1ರೊಳಗೆ ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳಲ್ಲಿ ಹೆಸರು ಪರಿಶೀಲನೆಯ ಸೌಲಭ್ಯ ಒದಗಿಸುವಂತೆ ಆರ್‌ಬಿಐ ಬ್ಯಾಂಕುಗಳಿಗೆ ಸೂಚಿಸಿತು. ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ತುಂಬಿದ ಕೂಡಲೇ ಆ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಪಡೆಯುವ ಬ್ಯಾಂಕಿನ ದಾಖಲೆಯಿಂದಲೇ ತೆಗೆದು ತೋರಿಸಲಾಗುತ್ತದೆ. ಇದಕ್ಕೆ ಶುಲ್ಕವಿಲ್ಲ, ಶಾಖೆಗೆ ಹೋಗಿ ಕಳುಹಿಸುವವರೂ ಕೇಳಿ ನೋಡಬಹುದು. ಪರದೆಯಲ್ಲಿ ಬಂದ ಹೆಸರನ್ನು ಓದದೆ ಮುಂದಿನ ಗುಂಡಿ ಒತ್ತುವುದು ಅತ್ಯಂತ ಬೆಲೆಬಾಳುವ ರಕ್ಷಣೆಯೊಂದನ್ನು ಕೈಯಾರೆ ಬಿಟ್ಟುಕೊಟ್ಟಂತೆ.

ಐಎಫ್‌ಎಸ್‌ಸಿ ಎಂಬುದು ಶಾಖೆಯ ವಿಳಾಸ. ಒಟ್ಟು 11 ಅಕ್ಷರಗಳು: ಮೊದಲ ನಾಲ್ಕು ಬ್ಯಾಂಕನ್ನು, ಕೊನೆಯ ಆರು ಶಾಖೆಯನ್ನು ಸೂಚಿಸುತ್ತವೆ. ಐದನೆಯದು ಯಾವಾಗಲೂ ಸೊನ್ನೆ. ಅದನ್ನು ಇಂಗ್ಲಿಷಿನ ‘ಓ’ ಎಂದು ಬರೆಯುವುದು ಪದೇ ಪದೇ ಆಗುವ ತಪ್ಪು. ಕರ್ನಾಟಕದವರು ಇಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು, ಏಕೆಂದರೆ ನಮ್ಮ ನೆಲದಲ್ಲಿ ಬೆಳೆದ ಬ್ಯಾಂಕುಗಳು ಕೆಲವೇ ವರ್ಷಗಳಲ್ಲಿ ಒಂದರ ಹಿಂದೊಂದು ವಿಲೀನವಾಗಿವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳ ಜೊತೆ ಸೇರಿದವು. ಸಿಂಡಿಕೇಟ್ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿಗಳು 2021ರ ಜುಲೈ 1ರಿಂದ ನಿಂತುಹೋದವು. ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಒಂದಾಗಿದೆ. ಅಜ್ಜಿಯ ಹಳೆಯ ಪಾಸ್‌ಬುಕ್ ನೋಡಿ ಮೊಮ್ಮಗ ವಿದೇಶದಿಂದ ಹಣ ಕಳುಹಿಸುವ ಮೊದಲು ಶಾಖೆಯಲ್ಲಿ ಈಗಿನ ಸಂಖ್ಯೆಗಳನ್ನು ಒಮ್ಮೆ ಕೇಳಿ ಬರೆದುಕೊಳ್ಳುವುದು ಒಳ್ಳೆಯದು.

ಹಣ ಕಳುಹಿಸಿದ ಮೇಲೆ ಬರುವ ಯುಟಿಆರ್ ಸಂಖ್ಯೆಯನ್ನು (ಆ ವರ್ಗಾವಣೆಯ ಗುರುತಿನ ಸಂಖ್ಯೆ) ಜೋಪಾನವಾಗಿ ಇಟ್ಟುಕೊಳ್ಳಬೇಕು. ಹಣ ಬಂದಿಲ್ಲ ಎಂಬ ದೂರನ್ನು ಬ್ಯಾಂಕಿನವರು ಹುಡುಕುವುದು ಆ ಸಂಖ್ಯೆ ಹಿಡಿದೇ.

ಕಡಲಾಚೆಯ ದಾರಿ: ಸ್ವಿಫ್ಟ್

ದೇಶದೊಳಗೆ ಎಲ್ಲ ಬ್ಯಾಂಕುಗಳಿಗೂ ಆರ್‌ಬಿಐ ಇದೆ. ಎರಡು ದೇಶಗಳ ನಡುವೆ ಅಂಥ ಒಂದು ಬ್ಯಾಂಕ್ ಇಲ್ಲ. ಆದ್ದರಿಂದ ಬ್ಯಾಂಕುಗಳು ಪರಸ್ಪರ ಖಾತೆ ತೆರೆದುಕೊಳ್ಳುತ್ತವೆ. ಭಾರತದ ಬ್ಯಾಂಕೊಂದು ನ್ಯೂಯಾರ್ಕ್‌ನ ಬ್ಯಾಂಕಿನಲ್ಲಿ ಇಟ್ಟುಕೊಂಡಿರುವ ಡಾಲರ್ ಖಾತೆಗೆ ನೋಸ್ಟ್ರೊ ಖಾತೆ ಎಂದು ಹೆಸರು. ವಿದೇಶಿ ಸಂಸ್ಥೆಯೊಂದು ಭಾರತದ ಬ್ಯಾಂಕಿನಲ್ಲಿ ಇಟ್ಟಿರುವ ರೂಪಾಯಿ ಖಾತೆ ಇಲ್ಲಿನ ಬ್ಯಾಂಕಿಗೆ ವೋಸ್ಟ್ರೊ ಖಾತೆಯಾಗುತ್ತದೆ.

ಈ ಖಾತೆಗಳಲ್ಲಿ ಜಮಾ ಖರ್ಚು ಮಾಡಿ ಎಂದು ತಿಳಿಸುವ ಸಂದೇಶಗಳ ಜಾಲವೇ ಸ್ವಿಫ್ಟ್. 15 ದೇಶಗಳ 239 ಬ್ಯಾಂಕುಗಳು ಸೇರಿ 1973ರಲ್ಲಿ ಬೆಲ್ಜಿಯಂನಲ್ಲಿ ಈ ಸಹಕಾರಿ ಸಂಸ್ಥೆಯನ್ನು ಸ್ಥಾಪಿಸಿದವು; 1977ರಲ್ಲಿ ಅದು ಕೆಲಸ ಆರಂಭಿಸಿತು. ಅದಕ್ಕೂ ಮೊದಲು ಬ್ಯಾಂಕುಗಳು ತಂತಿ ಮತ್ತು ಟೆಲೆಕ್ಸ್ ಮೂಲಕ ಸೂಚನೆ ಕೊಡುತ್ತಿದ್ದವು. ವೈರ್ ಟ್ರಾನ್ಸ್‌ಫರ್, ಟಿ.ಟಿ. (ಟೆಲಿಗ್ರಾಫಿಕ್ ಟ್ರಾನ್ಸ್‌ಫರ್) ಎಂಬ ಮಾತುಗಳು ಆ ಕಾಲದಿಂದ ಉಳಿದುಬಂದಿವೆ. ಇಂದು 200ಕ್ಕೂ ಹೆಚ್ಚು ದೇಶ, ಪ್ರಾಂತ್ಯಗಳ 11,000ಕ್ಕೂ ಹೆಚ್ಚು ಸಂಸ್ಥೆಗಳು ಸ್ವಿಫ್ಟ್ ಬಳಸುತ್ತವೆ. ಸ್ವಿಫ್ಟ್ ಯಾರ ಹಣವನ್ನೂ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಅದು ಸಂದೇಶವನ್ನು ಸುರಕ್ಷಿತವಾಗಿ ಮುಟ್ಟಿಸುತ್ತದೆ, ಅಷ್ಟೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ಮಗಳು ದಾವಣಗೆರೆಯ ತಂದೆಗೆ ಸಾವಿರ ಡಾಲರ್ ಕಳುಹಿಸುತ್ತಾಳೆ ಎಂದುಕೊಳ್ಳೋಣ. ಅವಳ ಬ್ಯಾಂಕ್ ಅವಳ ಖಾತೆಯಿಂದ ಸಾವಿರ ಡಾಲರ್ ಮತ್ತು ತನ್ನ ಶುಲ್ಕವನ್ನು ಕಳೆಯುತ್ತದೆ. ತಂದೆಯ ಬ್ಯಾಂಕಿನ ಜೊತೆ ಅದಕ್ಕೆ ನೇರ ಖಾತೆಯ ಸಂಬಂಧ ಇಲ್ಲದಿದ್ದರೆ, ಎರಡೂ ಬ್ಯಾಂಕುಗಳ ಜೊತೆ ಖಾತೆಯ ಸಂಬಂಧವಿರುವ ಮಧ್ಯವರ್ತಿ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಆ ಮಧ್ಯವರ್ತಿ ಬ್ಯಾಂಕ್ ನ್ಯೂಯಾರ್ಕ್‌ನಲ್ಲಿರುವ ಭಾರತೀಯ ಬ್ಯಾಂಕಿನ ನೋಸ್ಟ್ರೊ ಖಾತೆಗೆ ಡಾಲರ್ ಜಮಾ ಮಾಡುತ್ತದೆ. ಭಾರತದಲ್ಲಿನ ಬ್ಯಾಂಕ್ ಅದನ್ನು ಖಚಿತಪಡಿಸಿಕೊಂಡು, ಅಂದಿನ ದರದಂತೆ ಲೆಕ್ಕ ಹಾಕಿ, ತನ್ನ ಬಳಿಯ ರೂಪಾಯಿಗಳನ್ನು ತಂದೆಯ ಖಾತೆಗೆ ಜಮಾ ಮಾಡುತ್ತದೆ. ಇಡೀ ವ್ಯವಹಾರದಲ್ಲಿ ಡಾಲರ್ ಅಮೆರಿಕದ ಬ್ಯಾಂಕುಗಳ ಲೆಕ್ಕವನ್ನು ದಾಟಿ ಹೊರಗೆ ಬರಲೇ ಇಲ್ಲ.

ಈ ಸರಪಳಿಯಲ್ಲಿ ಎರಡು ದೇಶಗಳ ರಜೆಗಳಿವೆ, ವೇಳೆಯ ವ್ಯತ್ಯಾಸವಿದೆ, ಪ್ರತಿ ಬ್ಯಾಂಕಿನ ತಪಾಸಣೆಯಿದೆ. ಶುಕ್ರವಾರ ಸಂಜೆ ಅಲ್ಲಿಂದ ಹೊರಟ ಸೂಚನೆ ಇಲ್ಲಿ ಮಂಗಳವಾರ ಜಮಾ ಆಗುವುದು ಈ ಕಾರಣಕ್ಕೆ.

ಸ್ವಿಫ್ಟ್ ಮೂಲಕ ಕಳುಹಿಸುವವರು ಪಡೆಯುವ ಬ್ಯಾಂಕಿನ 8 ಅಥವಾ 11 ಅಕ್ಷರಗಳ ಸ್ವಿಫ್ಟ್ ಸಂಕೇತವನ್ನು ಕೊಡಬೇಕು. ಕೊಲ್ಲಿ ಮತ್ತು ಯುರೋಪಿನ ದೇಶಗಳಲ್ಲಿ ಬಳಸುವ ಐಬಿಎಎನ್ (ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ) ಭಾರತದಲ್ಲಿ ಇಲ್ಲ. ಅಲ್ಲಿನ ಬ್ಯಾಂಕ್ ಅದನ್ನು ಕೇಳಿದರೆ ಖಾತೆ ಸಂಖ್ಯೆ, ಸ್ವಿಫ್ಟ್ ಸಂಕೇತ ಮತ್ತು ಐಎಫ್‌ಎಸ್‌ಸಿ ಕೊಟ್ಟರೆ ಸಾಕು. ಹಣ ತಡವಾದರೆ ಕಳುಹಿಸಿದವರ ಬ್ಯಾಂಕಿನಿಂದ ಯುಇಟಿಆರ್ ಎಂಬ 36 ಅಕ್ಷರಗಳ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಅದು ಸರಪಳಿಯ ಉದ್ದಕ್ಕೂ ಬದಲಾಗದೆ ಸಾಗುವುದರಿಂದ ಸೂಚನೆ ಯಾವ ಬ್ಯಾಂಕಿನಲ್ಲಿ ನಿಂತಿದೆ ಎಂಬುದನ್ನು ಪತ್ತೆ ಮಾಡಬಹುದು.

ಮಂಗಳೂರು, ಉಡುಪಿ, ಭಟ್ಕಳದ ಕಡೆಗೆ ಕೊಲ್ಲಿ ದೇಶಗಳಿಂದ ಬರುವ ಹಣದಲ್ಲಿ ಬಹುಪಾಲಿನ ರೀತಿ ಬೇರೆ. ಅಲ್ಲಿನ ಎಕ್ಸ್‌ಚೇಂಜ್ ಹೌಸ್‌ಗಳು ಆರ್‌ಬಿಐ ಅನುಮತಿಸಿದ ವ್ಯವಸ್ಥೆಯಡಿ ಭಾರತದ ಬ್ಯಾಂಕುಗಳಲ್ಲಿ ಮೊದಲೇ ವೋಸ್ಟ್ರೊ ರೂಪಾಯಿ ಖಾತೆ ಇಟ್ಟಿರುತ್ತವೆ. ದುಬೈನ ಕೌಂಟರಿನಲ್ಲಿ ದಿರ್ಹಮ್ ಕಟ್ಟಿದಾಗಲೇ ರೂಪಾಯಿ ದರ ನಿಗದಿಯಾಗುತ್ತದೆ. ಇಲ್ಲಿ ಆ ಖಾತೆಯಿಂದ ಎನ್‌ಇಎಫ್‌ಟಿ ಅಥವಾ ಐಎಂಪಿಎಸ್ ಮೂಲಕ ಮನೆಯವರ ಖಾತೆಗೆ ಹಣ ಸೇರುತ್ತದೆ. ರಶೀದಿಯಲ್ಲಿ ಬರೆದಷ್ಟೇ ರೂಪಾಯಿ ಊರಿನಲ್ಲಿ ಜಮಾ ಆಗುವುದು ಇದರ ಅನುಕೂಲ. 2023-24ರ ಆರ್‌ಬಿಐ ಸಮೀಕ್ಷೆಯಂತೆ ಹೊರದೇಶಗಳಲ್ಲಿರುವವರು ಭಾರತಕ್ಕೆ ಕಳುಹಿಸಿದ ಒಟ್ಟು ಹಣದಲ್ಲಿ ಅಮೆರಿಕದ ಪಾಲು ಶೇ 27.7, ಯುಎಇ ಪಾಲು ಶೇ 19.2; ಆ ಒಟ್ಟು ಹಣದಲ್ಲಿ ಕರ್ನಾಟಕಕ್ಕೆ ಸಂದದ್ದು ಶೇ 7.7.

ಕಳುಹಿಸಿದ್ದಕ್ಕಿಂತ ಕಡಿಮೆ ಬರುವುದು ಏಕೆ

ಮೂರು ಕಡೆ ಕಡಿತವಾಗುತ್ತದೆ. ಮೊದಲನೆಯದು ಬ್ಯಾಂಕುಗಳ ಶುಲ್ಕ. ಸ್ವಿಫ್ಟ್ ಸೂಚನೆಯಲ್ಲಿ ಶುಲ್ಕವನ್ನು ಯಾರು ಭರಿಸಬೇಕು ಎಂದು ನಮೂದಿಸುವ ಜಾಗವಿದೆ. ‘ಅವರ್’ (OUR) ಎಂದರೆ ಎಲ್ಲವನ್ನೂ ಕಳುಹಿಸುವವರು, ‘ಬೆನ್’ (BEN) ಎಂದರೆ ಎಲ್ಲವನ್ನೂ ಪಡೆಯುವವರು ಭರಿಸುತ್ತಾರೆ. ‘ಶಾ’ (SHA) ಎಂದರೆ ಕಳುಹಿಸುವವರು ತಮ್ಮ ಬ್ಯಾಂಕಿನದನ್ನು ಮಾತ್ರ ಕೊಡುತ್ತಾರೆ, ಉಳಿದದ್ದು ದಾರಿಯಲ್ಲಿ ಮೊತ್ತದಿಂದಲೇ ಕಡಿತವಾಗುತ್ತದೆ. ವಿಶ್ವವಿದ್ಯಾಲಯದ ಶುಲ್ಕದಂತೆ ನಿಗದಿತ ಮೊತ್ತವೇ ತಲುಪಬೇಕಾದಾಗ ‘ಅವರ್’ ಆಯ್ಕೆ ಮಾಡುವುದೇ ಸೂಕ್ತ.

ಎರಡನೆಯದು ವಿನಿಮಯ ದರ. ಇಲ್ಲಿ ಹೋಗುವ ಹಣ ಶುಲ್ಕಕ್ಕಿಂತ ಹೆಚ್ಚಾಗಿರಬಹುದು, ಆದರೂ ಅದು ರಶೀದಿಯಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ. ಮೊಬೈಲಿನಲ್ಲಿ ಹುಡುಕಿದಾಗ ಸಿಗುವ ದರ ಮಾರುಕಟ್ಟೆಯ ನಡು ದರ. ಬ್ಯಾಂಕ್ ನಮ್ಮಿಂದ ಡಾಲರ್ ಕೊಳ್ಳುವುದು ಅದಕ್ಕಿಂತ ಕಡಿಮೆಯ ಟಿ.ಟಿ. ಕೊಳ್ಳುವ ದರದಲ್ಲಿ. ಡಾಲರಿಗೆ ಒಂದು ರೂಪಾಯಿ ವ್ಯತ್ಯಾಸವಿದ್ದರೂ ಸಾವಿರ ಡಾಲರಿಗೆ ಸಾವಿರ ರೂಪಾಯಿ ಕಡಿಮೆಯಾಗುತ್ತದೆ. ‘ಶುಲ್ಕವೇ ಇಲ್ಲ’ ಎನ್ನುವ ಸೇವೆಗಳನ್ನು ಹೋಲಿಸುವಾಗ ಕೊನೆಯಲ್ಲಿ ಕೈಗೆ ಬರುವ ರೂಪಾಯಿ ಎಷ್ಟು ಎಂದು ಕೇಳುವುದೇ ಸರಿಯಾದ ಅಳತೆ.

ಮೂರನೆಯದು ಕರೆನ್ಸಿ ಬದಲಾವಣೆಯ ಸೇವೆಗೆ ಬೀಳುವ ಜಿಎಸ್‌ಟಿ. ಇದು ಬಂದ ಇಡೀ ಮೊತ್ತದ ಮೇಲಿನ ತೆರಿಗೆಯಲ್ಲ. ಒಂದು ಲಕ್ಷ ರೂಪಾಯಿವರೆಗೆ ಮೊತ್ತದ ಶೇ 1ರಷ್ಟನ್ನು ಸೇವೆಯ ಮೌಲ್ಯವೆಂದು ಪರಿಗಣಿಸಿ ಅದರ ಮೇಲೆ ಶೇ 18 ಹಾಕುತ್ತಾರೆ. ಒಂದು ಲಕ್ಷಕ್ಕೆ ಅದು 180 ರೂಪಾಯಿ. ಕನಿಷ್ಠ 45 ರೂಪಾಯಿ.

ಬ್ಯಾಂಕ್ ಪ್ರಶ್ನೆ ಕೇಳುವುದು ಏಕೆ

ವಿದೇಶದಿಂದ ಹಣ ಬಂದಾಗ ಅದು ಯಾವ ಉದ್ದೇಶಕ್ಕೆ ಎಂದು ಬ್ಯಾಂಕ್ ಕೇಳುತ್ತದೆ. ವಿದೇಶಿ ವಿನಿಮಯದ ಪ್ರತಿ ವ್ಯವಹಾರಕ್ಕೂ ಉದ್ದೇಶ ಸಂಕೇತ ನಮೂದಿಸುವುದು ಕಡ್ಡಾಯ. ಅನಿವಾಸಿ ಭಾರತೀಯರು ಕುಟುಂಬದ ನಿರ್ವಹಣೆಗೆ ಕಳುಹಿಸುವ ಹಣದ ಸಂಕೇತ ಪಿ 1301. ಬ್ಯಾಂಕಿನಿಂದ ಕರೆ ಬಂದರೆ ಸಂಖ್ಯೆ ನಿಜವಾಗಿ ಶಾಖೆಯದೇ ಎಂದು ಖಚಿತಪಡಿಸಿಕೊಂಡು ಉತ್ತರಿಸಬೇಕು. ಉತ್ತರಿಸುವವರೆಗೆ ಹಣ ತಡೆಯಲ್ಲಿರುತ್ತದೆ.

ತಂದೆ ತಾಯಿ, ಸಂಗಾತಿ, ಒಡಹುಟ್ಟಿದವರು, ಮಕ್ಕಳಂಥ ಕಾನೂನು ಗುರುತಿಸಿದ ಸಂಬಂಧಿಗಳಿಂದ ಉಡುಗೊರೆಯಾಗಿ ಬಂದ ಹಣಕ್ಕೆ, ಮೊತ್ತ ಎಷ್ಟೇ ಇರಲಿ, ಪಡೆದವರು ಆದಾಯ ತೆರಿಗೆ ಕಟ್ಟಬೇಕಿಲ್ಲ. ಸಂಬಂಧಿಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದ ಒಟ್ಟು ಮೊತ್ತ 50,000 ರೂಪಾಯಿ ಮೀರಿದರೆ ಅದು ತೆರಿಗೆಗೆ ಒಳಪಡುತ್ತದೆ.

ತಪಾಸಣೆಯ ಮಹತ್ವವನ್ನು 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರೀಯ ಬ್ಯಾಂಕಿನ ಮೇಲೆ ನಡೆದ ದಾಳಿ ತೋರಿಸಿತು. ಬ್ಯಾಂಕಿನ ಕಂಪ್ಯೂಟರುಗಳಿಗೆ ನುಸುಳಿದವರು, ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್ ಬ್ಯಾಂಕಿನಲ್ಲಿದ್ದ ಅದರ ಖಾತೆಯಿಂದ ಸುಮಾರು 95 ಕೋಟಿ ಡಾಲರ್ ವರ್ಗಾಯಿಸುವಂತೆ ಸ್ವಿಫ್ಟ್ ಮೂಲಕ 35 ಸೂಚನೆಗಳನ್ನು ಕಳುಹಿಸಿದರು. ಹೆಚ್ಚಿನವು ತಡೆಹಿಡಿಯಲ್ಪಟ್ಟವು. ಶ್ರೀಲಂಕಾದ ಸಂಸ್ಥೆಯೊಂದಕ್ಕೆ ಹೊರಟಿದ್ದ 2 ಕೋಟಿ ಡಾಲರಿನ ಸೂಚನೆಯಲ್ಲಿ ‘ಫೌಂಡೇಶನ್’ ಎಂಬ ಪದ ‘ಫಂಡೇಶನ್’ ಎಂದು ತಪ್ಪಾಗಿತ್ತು. ದಾರಿಯಲ್ಲಿದ್ದ ಬ್ಯಾಂಕ್ ಅನುಮಾನಗೊಂಡು ವಿಚಾರಿಸಿದ್ದರಿಂದ ಆ ಹಣ ಉಳಿಯಿತು. ಫಿಲಿಪ್ಪೀನ್ಸ್‌ಗೆ ಹೋದ 8.1 ಕೋಟಿ ಡಾಲರ್ ಮಾತ್ರ ಕೈತಪ್ಪಿತು. ಸ್ವಿಫ್ಟ್ ತಲುಪಿಸಿದ ಸಂದೇಶಗಳು ತಾಂತ್ರಿಕವಾಗಿ ಸರಿಯಾಗಿಯೇ ಇದ್ದವು, ಕಳುಹಿಸಿದವರು ಕಳ್ಳರಾಗಿದ್ದರು.

ಇಲ್ಲಿಂದ ಹೊರಗೆ ಕಳುಹಿಸುವಾಗ

ಭಾರತದ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ ಎರಡೂವರೆ ಲಕ್ಷ ಡಾಲರ್‌ವರೆಗೆ ವಿದ್ಯಾಭ್ಯಾಸ, ಚಿಕಿತ್ಸೆ, ಪ್ರವಾಸ, ಹೂಡಿಕೆ, ಉಡುಗೊರೆಯಂಥ ಉದ್ದೇಶಗಳಿಗೆ ಕಳುಹಿಸಬಹುದು. ಪ್ಯಾನ್ ಮತ್ತು ಎ2 ಎಂಬ ನಮೂನೆ ಬೇಕು. 2025ರ ಏಪ್ರಿಲ್ 1ರಿಂದ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕ್ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ. ಮಾನ್ಯ ಸಂಸ್ಥೆಯಿಂದ ಪಡೆದ ಶಿಕ್ಷಣ ಸಾಲದ ಹಣಕ್ಕೆ ಅದೂ ಇಲ್ಲ. ಹಿಡಿದ ಮೊತ್ತ ಕಳೆದುಹೋಗುವುದಿಲ್ಲ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ವಜಾ ಮಾಡಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು.

ತಪ್ಪಾದರೆ ಏನು ಮಾಡಬೇಕು

ಬೇರೆಯವರ ಖಾತೆಗೆ ಜಮಾ ಆದ ಹಣ ಲೆಕ್ಕದ ಪ್ರಕಾರ ಅವರ ಬ್ಯಾಂಕ್ ಅವರಿಗೆ ಕೊಡಬೇಕಾದ ಹಣವಾಗಿರುತ್ತದೆ. ಕಳುಹಿಸಿದವರ ಮಾತನ್ನಷ್ಟೇ ನಂಬಿ ಅವರ ಖಾತೆಯಿಂದ ಹಣ ತೆಗೆಯಲು ಬ್ಯಾಂಕಿಗೆ ಅಧಿಕಾರವಿಲ್ಲ. ಹಾಗೆ ಅಧಿಕಾರವಿದ್ದಿದ್ದರೆ ಯಾರ ಖಾತೆಯೂ ಭದ್ರವಾಗಿರುತ್ತಿರಲಿಲ್ಲ. ಹೀಗಾದಾಗ ತಡಮಾಡದೆ ತಮ್ಮ ಶಾಖೆಗೆ ಯುಟಿಆರ್ ಸಹಿತ ಲಿಖಿತ ದೂರು ಕೊಡಬೇಕು. ಆ ಬ್ಯಾಂಕ್ ಪಡೆದ ಬ್ಯಾಂಕಿಗೆ ತಿಳಿಸುತ್ತದೆ, ಅದು ಖಾತೆದಾರರ ಒಪ್ಪಿಗೆ ಕೇಳುತ್ತದೆ. ಅವರು ಒಪ್ಪದಿದ್ದರೆ ಉಳಿಯುವುದು ಪೊಲೀಸ್ ಮತ್ತು ನ್ಯಾಯಾಲಯದ ದಾರಿ.

ಮೋಸಕ್ಕೆ ಒಳಗಾಗಿ ಕಳುಹಿಸಿದ್ದರೆ ಕ್ರಮ ಬೇರೆ. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ದಾಟಿಸುತ್ತಾರೆ. ಆದ್ದರಿಂದ ಶಾಖೆ ತೆರೆಯುವವರೆಗೆ ಕಾಯದೆ 1930 ಸಹಾಯವಾಣಿಗೆ ಕರೆ ಮಾಡಬೇಕು, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ಅದನ್ನು ತಡೆಹಿಡಿಯುವ ಅವಕಾಶ ಇರುವುದು ಮೊದಲ ಕೆಲವು ಗಂಟೆಗಳಲ್ಲಿ.

ಬ್ಯಾಂಕಿನ ಲೋಪದಿಂದ ಹಣ ತಡವಾಗಿ, ದೂರು ಕೊಟ್ಟು 30 ದಿನಗಳಾದರೂ ಪರಿಹಾರ ಸಿಗದಿದ್ದರೆ ಆರ್‌ಬಿಐನ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ. ಯುಟಿಆರ್, ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿ ಮತ್ತು ಅದರ ಸ್ವೀಕೃತಿ ಜೊತೆಗಿರಬೇಕು.